ಸ್ತನ ಕ್ಯಾನ್ಸರಿನ ಹರಡುವಿಕೆ ಮತ್ತು ಗಂತಿ ನಿಗ್ರಹ ವಂಶವಾಹಿಗಳು

ಮಾನವ ಶರೀರದಲ್ಲಿ ಹಳೆಯ ಜೀವಕೋಶಗಳು ಅಳಿದು ಹೊಸವು ಹುಟ್ಟುವ ಕಾರ್ಯ ನಿರಂತರವಾಗಿ ನಡೆಯುತ್ತಿರುತ್ತದೆ. ಕೋಶವು ಯಾವಾಗ ವಿಭಜನೆ ಹೊಂದಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಅದರೊಳಗಿನ ವಂಶವಾಹಿಗಳು ನಿಯಂತ್ರಿಸುತ್ತವೆ. ಇವುಗಳಲ್ಲಿ ಕೆಲವು ವಿಭಜನೆಯನ್ನು ಪ್ರಚೋದಿಸಿದರೆ, ಕೆಲವು ಅದಕ್ಕೆ ಕಡಿವಾಣ ಹಾಕುತ್ತವೆ. ಕಡಿವಾಣ ಹಾಕಿ, ಗಡ್ಡೆ ಅಥವಾ ಗಂತಿ ಬೆಳೆಯದಂತೆ ತಡೆಯುವ ಇವನ್ನು ಗಂತಿ ನಿಗ್ರಹ ವಂಶವಾಹಿಗಳೆಂದು ಕರೆಯಲಾಗುತ್ತದೆ.

ಎರಡು ಪ್ರತಿಗಳು

ಪ್ರತಿಯೊಂದು ವಂಶವಾಹಿಯ ಒಂದು ಪ್ರತಿ ತಾಯಿಯಿಂದಲೂ ಇನ್ನೊಂದು ತಂದೆಯಿಂದಲೂ ಬರುತ್ತದೆ. ಸಾಮಾನ್ಯವಾಗಿ ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ಕೋಶವು ಹತೋಟಿ ತಪ್ಪುತ್ತದೆ ಎಂಬ ವಿಚಾರವನ್ನು ಅಮೆರಿಕದ ವೈದ್ಯ ವಿಜ್ಞಾನಿ ಆಲ್‌ಫ್ರೆಡ್ ನುಡ್ಸನ್ ಅವರು 1971ರಲ್ಲಿ ಮಂಡಿಸಿದರು. ಹೀಗಾಗಿ ಕೆಟ್ಟ ಪ್ರತಿಯೊಂದನ್ನು ಹುಟ್ಟಿನಿಂದಲೇ ಪಡೆದವರಿಗೆ ರೋಗದ ಸಂಭವ ಹೆಚ್ಚು. ಆದರೆ ರೋಗ ಬಂದೇ ತೀರುವುದೆಂದು ಇದರ ಅರ್ಥವಲ್ಲ.

17ನೆಯ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-1 ಮತ್ತು 13ನೆಯ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-2 ವಂಶವಾಹಿಗಳು ತುಂಡಾದ ಡಿಎನ್‌ಎಯನ್ನು ಸರಿಪಡಿಸಲು ನೆರವಾಗುತ್ತವೆ. ಇವುಗಳ ರಚನೆಯನ್ನು ಕ್ರಮವಾಗಿ 1994 ಮತ್ತು 1995ರಲ್ಲಿ ಗುರುತಿಸಲಾಯಿತು. ಪಿ-53 ಎಂಬ ಇನ್ನೊಂದು ವಂಶವಾಹಿಯು ಹಾನಿಗೊಂಡ ಕೋಶದ ವಿಭಜನೆಯನ್ನು ನಿಲ್ಲಿಸುತ್ತದೆ. ಹಾನಿ ಸರಿಪಡಿಸಲಾರದಷ್ಟಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಇವು ಕೆಲಸ ನಿಲ್ಲಿಸಿದಾಗ ತಪ್ಪಿನ ಮೇಲೆ ತಪ್ಪು ಶೇಖರವಾಗಿ, ಹರಡುವ ಸಾಮರ್ಥ್ಯವುಳ್ಳ ಕೋಶಗಳು ಹುಟ್ಟಲು ಅವಕಾಶವಾಗುತ್ತದೆ.

ರೋಗ ಹರಡುವ ಬಗೆ

ಸ್ತನ ಕ್ಯಾನ್ಸರಿನಿಂದ ಸಂಭವಿಸುವ ಸಾವುಗಳಿಗೆ ಮುಖ್ಯ ಕಾರಣ ಸ್ತನದಲ್ಲಿನ ಗಂತಿಯಲ್ಲ. ಅದು ಮೂಳೆ, ಶ್ವಾಸಕೋಶ, ಯಕೃತ್ತು ಅಥವಾ ಮಿದುಳಿಗೆ ಹರಡುವುದು. ಹರಡಬೇಕಾದರೆ ಕೋಶವು ಮೊದಲು ನೆರೆಯ ಕೋಶಗಳ ಬಂಧದಿಂದ ಬಿಡಿಸಿಕೊಳ್ಳಬೇಕು. 16ನೆಯ ವರ್ಣತಂತುವಿನಲ್ಲಿರುವ ವಂಶವಾಹಿಯೊಂದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಇದು ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಗಾರೆಯಂತೆ. ಹಾಲೂಡುವ ಗ್ರಂಥಿಯ ಕಿರುಹಾಲೆಗಳ ಬಗೆಯ ಕ್ಯಾನ್ಸರಿನಲ್ಲಿ ಈ ಪ್ರೋಟೀನು ಸಾಮಾನ್ಯವಾಗಿ ಇಲ್ಲವಾಗಿರುತ್ತದೆ. ಆಗ ಕೋಶಗಳು ಒಂದರ ಹಿಂದೊಂದು ಸಾಲಾಗಿ ಅಂಗಾಂಶದೊಳಗೆ ನುಸುಳುತ್ತವೆ. ಆದುದರಿಂದ ಕೈಗೆ ಸ್ಪಷ್ಟವಾದ ಗಂಟು ಸಿಗದೆ, ಸ್ತನದ ಒಂದು ಭಾಗ ದಪ್ಪವಾದಂತೆ ಮಾತ್ರ ತೋರಬಹುದು.

ಬಂಧ ಕಳಚಿಕೊಂಡ ಕೋಶಗಳು ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ಅಥವಾ ರಕ್ತನಾಳಗಳನ್ನು ಸೇರುತ್ತವೆ. ಅಲ್ಲಿ ಅವುಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ. ಉಳಿದ ಕೆಲವೇ ಕೋಶಗಳು ದೂರದ ಅಂಗದಲ್ಲಿ ಬೇರೂರುತ್ತವೆ.

ತಿಳಿದಿರಬೇಕಾದ ಅಂಶಗಳು

ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇಕಡಾ 5ರಿಂದ 10ರಷ್ಟು ಮಾತ್ರ ಆನುವಂಶಿಕವಾದವು. ದೋಷವು ತಂದೆಯ ಕಡೆಯಿಂದಲೂ ಬರಬಹುದು. ಆದುದರಿಂದ ಸೋದರತ್ತೆ ಹಾಗೂ ತಂದೆಯ ತಾಯಿಯ ಕಾಯಿಲೆಯ ವಿವರವನ್ನೂ ವೈದ್ಯರಿಗೆ ತಿಳಿಸಬೇಕು. ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಕಂಡುಬಂದಿದ್ದರೆ ತಜ್ಞರ ಸಲಹೆ ಪಡೆದು ರಕ್ತಪರೀಕ್ಷೆ ಮಾಡಿಸಬಹುದು. ಬಿಆರ್‌ಸಿಎ ದೋಷವಿರುವ ರೋಗಿಗಳಲ್ಲಿ ಕೆಲವರಿಗೆ ಓಲಾಪರಿಬ್‌ನಂತಹ ವಿಶೇಷ ಔಷಧಗಳೂ ಈಗ ಲಭ್ಯವಿವೆ.

ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 1998ರಲ್ಲಿ ಆರಂಭಿಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ನಡೆಸಿದುದರಿಂದ ರೋಗವು ಮುಂಚಿನ ಹಂತದಲ್ಲೇ ಪತ್ತೆಯಾಯಿತು. 50 ವರ್ಷ ಮೀರಿದವರಲ್ಲಿ ಈ ರೋಗದ ಮರಣ ಪ್ರಮಾಣ ಸುಮಾರು ಶೇಕಡಾ 30ರಷ್ಟು ತಗ್ಗಿತು.

ಹರಡುವಿಕೆಯು ಒಂದು ದಿನದಲ್ಲಿ ಆಗುವಂಥದಲ್ಲ. ಒಂದೊಂದೇ ಕಡಿವಾಣ ಕಳಚಿದ ಮೇಲೆ ಒದಗುವ ಸ್ಥಿತಿ ಅದು. ನಡುವಿನ ಈ ಅವಧಿಯೇ ಚಿಕಿತ್ಸೆಗೆ ದೊರೆಯುವ ಅವಕಾಶ. ಗಂಟು, ಚರ್ಮದ ಕುಗ್ಗುವಿಕೆ, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಕಂಕುಳಿನ ಊತ ಇವುಗಳಲ್ಲಿ ಯಾವುದೇ ಒಂದು ಕಂಡುಬಂದರೂ, ನೋವಿಲ್ಲವೆಂದು ಕಡೆಗಣಿಸದೆ, ಸಂಕೋಚದಿಂದ ಮುಚ್ಚಿಡದೆ, ಕೂಡಲೇ ವೈದ್ಯರನ್ನು ಕಾಣುವುದು ಅತ್ಯಗತ್ಯ.