ವೆಬ್ ಸರ್ವರ್ ಮರುಸ್ಥಾಪನೆ: ಕೀಳುವ ಮುನ್ನ ತಿಳಿಯಬೇಕಾದುದು

ಸಣ್ಣ ಸಂಘಗಳಲ್ಲಿ ಅಡಿಕೆ ಧಾರಣೆ, ಕಾಫಿ ಪಾವತಿ, ಗೊಬ್ಬರದ ದಾಸ್ತಾನು, ಸದಸ್ಯರ ಸಾಲದ ಲೆಕ್ಕ ಎಲ್ಲವೂ ಒಂದೇ ಗಣಕಯಂತ್ರದಲ್ಲಿ ಸೇರಿಕೊಂಡಿರುವುದುಂಟು. ಇವನ್ನು ಸದಸ್ಯರ ಮೊಬೈಲಿಗೆ ತಲುಪಿಸುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎನ್ನುತ್ತಾರೆ. 1995ರಲ್ಲಿ ಹೊರಬಂದ ಅಪಾಚೆ ಇವುಗಳಲ್ಲಿ ಹೆಸರಾದದ್ದು. ಅದು ಕೆಟ್ಟು ನಿಂತಾಗ "ತೆಗೆದು ಮತ್ತೆ ಹಾಕೋಣ" ಎಂಬ ಸಲಹೆ ಬರುವುದು ಸಹಜ.

ಅಣಬೆ ರೋಗದಿಂದ ಸತ್ತ ಅಡಿಕೆ ಮರದ ಬೊಡ್ಡೆ, ಬೇರು ತೆಗೆಯದೆ ಅದೇ ಗುಣಿಯಲ್ಲಿ ಸಸಿ ನೆಟ್ಟರೆ ಅದಕ್ಕೂ ರೋಗ ತಗಲುವ ಸಂಭವ ಹೆಚ್ಚು. ಇಲ್ಲಿಯೂ ಹಾಗೆಯೇ. ದೋಷವು ಸೆಟ್ಟಿಂಗ್ ಕಡತದಲ್ಲಿದ್ದರೆ ಬರೀ ತಂತ್ರಾಂಶ ಬದಲಿಸಿ ಫಲವಿಲ್ಲ. ಆದುದರಿಂದ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

1. ಪಟ್ಟಿ: ಯಂತ್ರದಲ್ಲಿ ಯಾವ ಯಾವ ತಾಣಗಳು, ತಂತ್ರಾಂಶಗಳು ನಡೆಯುತ್ತಿವೆ ಎಂಬುದನ್ನು ಕಾಗದದಲ್ಲಿ ಬರೆಯಿರಿ.

2. ಪ್ರತಿ: ಸೆಟ್ಟಿಂಗ್ ಕಡತಗಳು, ತಾಣದ ಪುಟಗಳು, ಭದ್ರತಾ ಪ್ರಮಾಣಪತ್ರ ಮತ್ತು ಅದರ ಕೀಲಿ, ಲೆಕ್ಕಪತ್ರದ ಡೇಟಾಬೇಸ್ ಇವುಗಳ ಪ್ರತಿ ತೆಗೆದು ಬೇರೊಂದು ಯಂತ್ರದಲ್ಲಿಡಿ. ಅದನ್ನು ಅಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿ.

3. ಪರೀಕ್ಷೆ: ಅಪಾಚೆಯ 'ಕಾನ್ಫಿಗ್‌ಟೆಸ್ಟ್' ಆಜ್ಞೆಯು ಸೆಟ್ಟಿಂಗ್ ಬರವಣಿಗೆಯ ತಪ್ಪನ್ನು ಸಾಲಿನ ಸಂಖ್ಯೆಯೊಡನೆ ತೋರಿಸುತ್ತದೆ. ದೋಷಗಳ ದಾಖಲೆಯನ್ನೂ ಓದಿರಿ. ಸರ್ವರಿಗೆ ಸಾಮಾನ್ಯವಾಗಿ 80 ಮತ್ತು 443 ಎಂಬ ಪೋರ್ಟುಗಳು ಬೇಕು. ಇನ್ನೊಂದು ತಂತ್ರಾಂಶ ಅವನ್ನು ಹಿಡಿದಿದ್ದರೆ ಅಪಾಚೆ ಏಳುವುದಿಲ್ಲ. ಎಷ್ಟೋ ವೇಳೆ ಕೆಲಸ ಇಲ್ಲಿಗೇ ಮುಗಿಯುತ್ತದೆ, ಮರುಸ್ಥಾಪನೆ ಬೇಕಾಗುವುದಿಲ್ಲ.

4. ತೆಗೆಯುವ ರೀತಿ: ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ 'ರಿಮೂವ್' ಎಂದರೆ ತಂತ್ರಾಂಶ ಮಾತ್ರ ಹೋಗಿ ಹಳೆಯ ಸೆಟ್ಟಿಂಗ್ ಉಳಿಯುತ್ತದೆ. 'ಪರ್ಜ್' ಎಂದರೆ ಅದರ ಸೆಟ್ಟಿಂಗ್ ಕಡತಗಳೂ ನಾವು ಅವುಗಳಲ್ಲಿ ಮಾಡಿದ ಬದಲಾವಣೆಗಳೂ ಅಳಿಯುತ್ತವೆ. ಕಡತಗಳನ್ನು ಕೈಯಿಂದ ಅಳಿಸಲು ಮಾತ್ರ ಹೋಗಬೇಡಿ. ಬೇಕೆಂದೇ ಅಳಿಸಿದ್ದಾರೆಂದು ತಿಳಿದು, ಮರುಸ್ಥಾಪಿಸಿದರೂ ವ್ಯವಸ್ಥೆಯು ಅವನ್ನು ತಾನಾಗಿ ಮರಳಿ ತರುವುದಿಲ್ಲ.

5. ಮರಳಿ ಜೋಡಿಸುವುದು: ಹಳೆಯ ಸೆಟ್ಟಿಂಗುಗಳನ್ನು ಒಟ್ಟಿಗೆ ಸುರಿಯದೆ ಒಂದೊಂದೇ ತಾಣವನ್ನು ಸೇರಿಸಿ, ಪ್ರತಿ ಸಲವೂ ಪರೀಕ್ಷಿಸಿ. ರೋಗ ಎಲ್ಲಿತ್ತೆಂಬುದು ಆಗ ತಿಳಿಯುತ್ತದೆ.

ಈ ಕೆಲಸವನ್ನು ವಹಿವಾಟಿನ ದಿನ ಕೈಗೊಳ್ಳದೆ ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಸರ್ವರ್ ಒಂದು ದಿನ ನಿಂತರೆ ಸದಸ್ಯರಿಗೆ ಆ ದಿನದ ಧಾರಣೆ ತಿಳಿಯದು, ಅಷ್ಟೇ. ಲೆಕ್ಕಪತ್ರ ಅಳಿದರೆ ಯಾರು ಎಷ್ಟು ಮಾಲು ಹಾಕಿದರು, ಯಾರಿಗೆ ಎಷ್ಟು ಬಾಕಿ ಎಂಬುದಕ್ಕೆ ಆಧಾರವೇ ಇಲ್ಲವಾದೀತು. ಆದ್ದರಿಂದ ತಂತ್ರಜ್ಞರು ಯಂತ್ರವನ್ನು ಮುಟ್ಟುವ ಮುನ್ನ "ಪ್ರತಿ ಎಲ್ಲಿದೆ? ತೆರೆದು ನೋಡಿದ್ದೀರಾ?" ಎಂದು ಕೇಳುವುದು ಆಡಳಿತ ಮಂಡಳಿಯ ಕರ್ತವ್ಯ. ಮಹಾಸಭೆಯಲ್ಲಿ ಇದನ್ನೇ ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ.