ಕುತ್ತಿಗೆಯ ರಕ್ತನಾಳ: ಗಟ್ಟಿಯೋ, ಮೆತ್ತಗೋ?



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ತೆಂಗಿನ ತೋಟದ ಹಿರಿಯರೊಬ್ಬರು ಸ್ಕ್ಯಾನ್ ರಿಪೋರ್ಟ್ ಹಿಡಿದು ನಮ್ಮಲ್ಲಿಗೆ ಬಂದರು. ಕಾಯಿ ಸುಲಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಬಲಗೈ ಸೋತು, ಮಾತು ತೊದಲಿ, ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತಂತೆ. ಕುತ್ತಿಗೆಯ ಎಡಗಡೆಯ ರಕ್ತನಾಳ ಅರ್ಧದಷ್ಟು ಕಟ್ಟಿದೆಯೆಂದು ರಿಪೋರ್ಟಿನಲ್ಲಿತ್ತು. "ಫಾದರ್, ನಮ್ಮ ಭಾವನಿಗೆ ಇದಕ್ಕಿಂತ ಹೆಚ್ಚು ಕಟ್ಟಿದೆ, ಅವರು ಆರಾಮಾಗಿದ್ದಾರೆ. ನನಗೆ ಮಾತ್ರ ಯಾಕೆ ಹೀಗಾಯಿತು?" ಎಂದು ಕೇಳಿದರು.

ಕೇಳಬೇಕಾದ ಪ್ರಶ್ನೆಯೇ ಅದು. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳವು ದವಡೆಯ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಆಳಿಯಾರಿನ ನೀರು ತರುವ ಕಾಲುವೆಯಲ್ಲಿ ಕವಲು ಒಡೆಯುವ ಕಡೆ ಹೂಳು ಕೂರುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಹಾಗೆಯೇ: ಹರಿವು ಕದಡುವ ಜಾಗದಲ್ಲಿ ನಾಳದ ಗೋಡೆಯೊಳಗೆ ಕೊಬ್ಬು ಸೇರಿ ಗಂಟಾಗುತ್ತದೆ. ಇದನ್ನು ಪ್ಲಾಕ್ ಎನ್ನುತ್ತಾರೆ.

ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಡಾಪ್ಲರ್ ಪರೀಕ್ಷೆ ತೋರಿಸುತ್ತದೆ. ಅದು ಮುಖ್ಯವೇ. ಈಗಾಗಲೇ ಲಕ್ಷಣ ಕಂಡಿದ್ದು ನಾಳ ನೂರಕ್ಕೆ 70 ಪಾಲಿಗಿಂತ ಹೆಚ್ಚು ಕಿರಿದಾಗಿದ್ದವರ ಬಗ್ಗೆ 1991ರಲ್ಲಿ ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಎರಡು ವರ್ಷದೊಳಗೆ ಅದೇ ಬದಿಯಲ್ಲಿ ಪಾರ್ಶ್ವವಾಯು ಬಡಿಯುವ ಅಪಾಯ ಔಷಧಿ ಮಾತ್ರ ಪಡೆದವರಲ್ಲಿ ನೂರಕ್ಕೆ 26, ಶಸ್ತ್ರಚಿಕಿತ್ಸೆಯಾದವರಲ್ಲಿ 9. ಆದರೆ ಅಗಲ ಅಳೆದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಒಳಗೆ ಮೆತ್ತನೆಯ ಕೊಬ್ಬು ತುಂಬಿ, ಮೇಲೆ ತೆಳುವಾದ ಪೊರೆ ಮಾತ್ರ ಇರುವ ಗಂಟು ಚಿಕ್ಕದಾದರೂ ಒಡೆಯಬಲ್ಲದು. ಒಡೆದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಚೂರು ಮಿದುಳಿಗೆ ಹೋಗುತ್ತದೆ. ಸುಣ್ಣಗಟ್ಟಿದ ಗಟ್ಟಿ ಗಂಟು ಸಾಮಾನ್ಯವಾಗಿ ಅಷ್ಟು ಬೇಗ ಒಡೆಯದು.

ಮಾವು ಹಣ್ಣಾಗಿದೆಯೇ ಎಂದು ನಾವು ಬೆರಳಿನಿಂದ ಅದುಮಿ ನೋಡುತ್ತೇವೆ. ರಕ್ತನಾಳದೊಳಗೆ ಬೆರಳು ಹಾಕುವುದು ಹೇಗೆ? ಹೃದಯದ ಬಡಿತವೇ ಆ ಬೆರಳು. ಪ್ರತಿ ಬಡಿತಕ್ಕೆ ಗಂಟು ಎಷ್ಟು ಅದುಮಿಕೊಂಡಿತು, ಎಷ್ಟು ಹಿಗ್ಗಿತು ಎಂಬುದನ್ನು ಅಲ್ಟ್ರಾಸೌಂಡ್ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ ಲೆಕ್ಕ ಹಾಕುತ್ತಾರೆ. ಅಮೆರಿಕದ ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಇಂಥ ವಿಧಾನಕ್ಕೆ ಎಲಾಸ್ಟೋಗ್ರಫಿ ಎಂದು ಹೆಸರಿಟ್ಟರು. ಇನ್ನೊಂದು ವಿಧಾನದಲ್ಲಿ ಯಂತ್ರವೇ ಧ್ವನಿಯಿಂದ ಮೆಲ್ಲಗೆ ತಳ್ಳಿ ಒಂದು ಅಲೆ ಎಬ್ಬಿಸುತ್ತದೆ. ಗಟ್ಟಿಯಾದಲ್ಲಿ ಅಲೆ ವೇಗವಾಗಿ ಓಡುತ್ತದೆ, ಮೆತ್ತಗಿದ್ದಲ್ಲಿ ನಿಧಾನವಾಗುತ್ತದೆ.

ಇಲ್ಲೊಂದು ಗೊಂದಲ ಬೇಡ. ಗಂಟು ಮೆತ್ತಗಿದ್ದರೆ ಅಪಾಯ. ನಾಳದ ಗೋಡೆಯೋ ಗಟ್ಟಿಯಾದಷ್ಟೂ ಅಪಾಯ. ನಮ್ಮ ರಾಜ್ಯದಲ್ಲೇ, ಮದರಾಸಿನ ಐ.ಐ.ಟಿ.ಯವರು ರೂಪಿಸಿದ ಆರ್ಟ್‌ಸೆನ್ಸ್ ಎಂಬ ಉಪಕರಣವು ಚಿತ್ರವನ್ನೇ ತೆಗೆಯದೆ ಕೆರೋಟಿಡ್ ಗೋಡೆಯ ಬಿಗಿತವನ್ನು ಅಲ್ಟ್ರಾಸೌಂಡಿನಿಂದ ಅಳೆಯುತ್ತದೆ. ಗಂಟನ್ನು ಪರೀಕ್ಷಿಸುವುದು ಅದರ ಕೆಲಸವಲ್ಲ.

ಗಂಟಿನ ಗಟ್ಟಿತನ ಅಳೆಯುವುದು ಸುಲಭವೂ ಅಲ್ಲ. ಗಂಟು ಕೆಲವೇ ಮಿಲಿಮೀಟರಿನದು, ಉಸಿರಿಗೆ ಅಲುಗುತ್ತದೆ, ಸುಣ್ಣಗಟ್ಟಿದ ಭಾಗ ನೆರಳು ಬೀಳಿಸುತ್ತದೆ, ಒಂದು ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಇದು ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ. ಪೊಳ್ಳಾಚಿಗೋ ಕೊಯಮತ್ತೂರಿಗೋ ಹೋಗಿ ಇದೇ ಪರೀಕ್ಷೆ ಬೇಕೆಂದು ಹಟ ಹಿಡಿಯಬೇಡಿ. ಯಾವ ಲಕ್ಷಣವೂ ಇಲ್ಲದವರು 'ಪ್ಯಾಕೇಜ್' ಎಂದು ಕುತ್ತಿಗೆ ಸ್ಕ್ಯಾನ್ ಮಾಡಿಸುವುದೂ ನಮಗೆ ದಂಡದ ಖರ್ಚಾಗಿಯೇ ಕಾಣುತ್ತದೆ. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಮೆತ್ತನೆಯ ಗಂಟನ್ನು ಕ್ರಮೇಣ ಭದ್ರಗೊಳಿಸುತ್ತದೆ. ಅದನ್ನೂ ರಕ್ತದೊತ್ತಡದ ಮಾತ್ರೆಯನ್ನೂ ಡಾಕ್ಟರು ಹೇಳದೆ ನಿಲ್ಲಿಸಬಾರದು. ಬೀಡಿ ಬಿಡಲೇಬೇಕು. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ಲಟಿಕೆ ತೆಗೆಸುವ ಚಾಳಿಯನ್ನೂ ಬಿಡಿ. ಅದರಿಂದ ನಾಳದ ಒಳಪದರ ಹರಿದವರಿದ್ದಾರೆ.

ಹಿರಿಯರು ಮಾಡಿದ ತಪ್ಪೆಂದರೆ, ಕೈ ಸರಿಹೋಯಿತಲ್ಲ ಎಂದು ಒಂಬತ್ತು ದಿನ ಸುಮ್ಮನಿದ್ದದ್ದು. ಮತ್ತೆ ಬಡಿಯುವ ಅಪಾಯ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಐದೇ ನಿಮಿಷ ಇದ್ದು ಹೋದರೂ, ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಜೊತೆಗಿದ್ದವರು ಅದು ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಸ್ಪತ್ರೆಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.