ಹದಿಮೂರು ಪಂದ್ಯಗಳ ಅಂತರ

ಆಟದ ಬಯಲಿನಲ್ಲಿ ಆಡುವವರು ಕೆಲವರು. ನೋಡುವವರು ಸಾವಿರಾರು ಮಂದಿ. ಆಡುವವನಿಗೆ ಗೆಲುವಿನಿಂದ ಕೀರ್ತಿಯುಂಟು, ಸಂಭಾವನೆಯುಂಟು. ನೋಡುವವನಿಗೆ ಇವೆರಡೂ ಇಲ್ಲ. ಆದರೂ ತನ್ನ ತಂಡವು ಗೆದ್ದ ದಿನ ಅವನಿಗೆ ಹಬ್ಬ. ಸೋತ ದಿನ ಅವನಿಗೆ ಊಟ ರುಚಿಸದು. ಚೆಂಡನ್ನು ಮುಟ್ಟದೆ, ಬ್ಯಾಟನ್ನು ಹಿಡಿಯದೆ, ಇಷ್ಟೊಂದು ಸುಖದುಃಖಗಳಿಗೆ ಪಾಲುದಾರನಾಗುವ ಈ ಅಭಿಮಾನಿಗೆ ದೊರೆಯುವುದಾದರೂ ಏನು? 1951ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆದ ಘಟನೆಯೊಂದು ಈ ಪ್ರಶ್ನೆಯನ್ನು ಬಹು ಸೊಗಸಾಗಿ ನಮ್ಮ ಮುಂದಿಡುತ್ತದೆ.

ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕದಲ್ಲಿ ಬೇಸ್‌ಬಾಲ್ ಹಾಗೆ. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ ಆಟಗಾರರು. ಬಯಲಿನಲ್ಲಿ ಚೌಕಾಕಾರವಾಗಿ, 90 ಅಡಿಗಳ ಅಂತರದಲ್ಲಿ, ನಾಲ್ಕು ನೆಲೆಗಳಿರುತ್ತವೆ. ಚೆಂಡನ್ನು ಹೊಡೆದವನು ಈ ನೆಲೆಗಳನ್ನು ಕ್ರಮವಾಗಿ ಸುತ್ತಿ ಹೊರಟಲ್ಲಿಗೆ ಮರಳಿದರೆ ಒಂದು ಓಟ. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಹೀಗೆ ಎರಡು ತಂಡಗಳಿಗೂ ಒಂಬತ್ತು ಸರದಿಗಳು. ಆಗಲೂ ಸಮನಾದರೆ ಆಟ ಮುಂದುವರಿಯುತ್ತದೆ. ಹೊಡೆದ ಚೆಂಡು ಬಯಲಿನ ಗೋಡೆಯನ್ನು ದಾಟಿ ಪ್ರೇಕ್ಷಕರ ನಡುವೆ ಬಿದ್ದರೆ ಅದು ಹೋಂ ರನ್. ಆಗ ಹೊಡೆದವನೂ, ಅದಾಗಲೇ ನೆಲೆಗಳ ಮೇಲೆ ನಿಂತಿರುವ ಅವನ ಸಂಗಡಿಗರೂ ನಿರಾತಂಕವಾಗಿ ಮನೆ ಸೇರುವರು. ಇನ್ನೊಂದು ಸಂಗತಿ ಇದೆ. ಮುಂದಿನ ಎಸೆತ ಎಂತಹುದಾಗಿರಬೇಕೆಂದು, ದಾಂಡಿಗನ ಹಿಂದೆ ಕುಳಿತ ಕ್ಯಾಚರನು ಎಸೆಗಾರನಿಗೆ ಬೆರಳುಗಳಿಂದ ಸಂಕೇತ ಮಾಡುತ್ತಾನೆ. ದಾಂಡಿಗನಿಗೆ ಅದು ಕಾಣುವುದಿಲ್ಲ. ಈ ಸಂಕೇತದ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಅಲ್ಲಿ ಎರಡು ಲೀಗುಗಳಿದ್ದವು. ಒಂದೊಂದರಲ್ಲಿ ಎಂಟೆಂಟು ತಂಡಗಳು. ತಂಡವೊಂದು ತನ್ನ ಲೀಗಿನ ಉಳಿದ ಏಳು ತಂಡಗಳೊಡನೆ ತಲಾ 22ರಂತೆ ಒಟ್ಟು 154 ಪಂದ್ಯಗಳನ್ನು ಆಡುತ್ತಿದ್ದಿತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಬಹುಮಟ್ಟಿಗೆ ಪ್ರತಿದಿನವೂ ಆಟ. ಹೆಚ್ಚು ಪಂದ್ಯಗಳನ್ನು ಗೆದ್ದ ತಂಡಕ್ಕೆ ಲೀಗಿನ ವಿಜಯಪತಾಕೆ. ನ್ಯಾಷನಲ್ ಲೀಗಿನ ಎರಡು ತಂಡಗಳು ಒಂದೇ ನಗರದವಾಗಿದ್ದವು. ಜೈಂಟ್ಸ್ ತಂಡವು ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದ ಪೋಲೊ ಗ್ರೌಂಡ್ಸ್ ಎಂಬ ಬಯಲಿನಲ್ಲಿ ಆಡುತ್ತಿದ್ದಿತು. ಡಾಡ್ಜರ್ಸ್ ತಂಡವು ಬ್ರೂಕ್ಲಿನ್ ಭಾಗದ ಎಬೆಟ್ಸ್ ಫೀಲ್ಡಿನಲ್ಲಿ. ಒಂದೇ ಬೀದಿಯಲ್ಲಿ, ಒಂದೇ ಕಚೇರಿಯಲ್ಲಿ ಎರಡು ತಂಡಗಳ ಅಭಿಮಾನಿಗಳೂ ಇರುತ್ತಿದ್ದರು. ದೂರದ ಹಗೆಗಿಂತ ನೆರೆಮನೆಯ ಪೈಪೋಟಿಯೇ ಬಿರುಸಲ್ಲವೆ?

1951ರಲ್ಲಿ ಜೈಂಟ್ಸ್ ತಂಡದ ಆರಂಭವೇ ಕೆಟ್ಟಿತು. ಏಪ್ರಿಲ್‌ನಲ್ಲಿ ಅದು ಒಂದೇ ಸಮನೆ 11 ಪಂದ್ಯಗಳನ್ನು ಸೋತಿತು. ಮೇ ತಿಂಗಳ ಕೊನೆಯಲ್ಲಿ ವಿಲ್ಲಿ ಮೇಸ್ ಎಂಬ ಇಪ್ಪತ್ತು ವರ್ಷದ ತರುಣನು ತಂಡವನ್ನು ಸೇರಿದನು. ಮುಂದೆ ಈ ಆಟದ ಮಹಾಪುರುಷರಲ್ಲಿ ಒಬ್ಬನೆನಿಸಿದ ಅವನೂ ಮೊದಲ ದಿನಗಳಲ್ಲಿ ಎಡವಿದನು. ಎದುರಾಳಿ ಡಾಡ್ಜರ್ಸ್ ತಂಡವಾದರೋ ಪ್ರಬಲವಾಗಿದ್ದಿತು. ದೊಡ್ಡ ಲೀಗುಗಳಲ್ಲಿ ಕರಿಯ ಆಟಗಾರರಿಗೆ ಬಹುಕಾಲದಿಂದ ಮುಚ್ಚಿದ್ದ ಬಾಗಿಲನ್ನು 1947ರಲ್ಲಿ ತೆರೆಸಿದ ಜ್ಯಾಕಿ ರಾಬಿನ್‌ಸನ್ ಆ ತಂಡದಲ್ಲಿದ್ದನು. ಆಗಸ್ಟ್ 11ರ ರಾತ್ರಿಯ ವೇಳೆಗೆ ಡಾಡ್ಜರ್ಸ್ 70 ಪಂದ್ಯಗಳನ್ನು ಗೆದ್ದು 36ನ್ನು ಸೋತಿದ್ದಿತು. ಜೈಂಟ್ಸ್ 59ನ್ನು ಗೆದ್ದು 51ನ್ನು ಸೋತಿದ್ದಿತು.

ಬೇಸ್‌ಬಾಲ್ ಅಭಿಮಾನಿಗಳು ಇಂತಹ ಅಂತರವನ್ನು ಅಳೆಯುವ ರೀತಿ ಸರಳವಾದುದು. ಗೆಲುವುಗಳ ವ್ಯತ್ಯಾಸ 11. ಸೋಲುಗಳ ವ್ಯತ್ಯಾಸ 15. ಎರಡನ್ನೂ ಕೂಡಿಸಿದರೆ 26. ಅದರ ಅರ್ಧ 13. ಎಂದರೆ ಜೈಂಟ್ಸ್ 13 ಪಂದ್ಯಗಳಷ್ಟು ಹಿಂದೆ ಬಿದ್ದಿದ್ದಿತು. ಉಳಿದಿದ್ದುದು 44 ಪಂದ್ಯಗಳು ಮಾತ್ರ. ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತಿದ್ದ ಆ ಪುಟ್ಟ ಕೋಷ್ಟಕವನ್ನು ನೋಡಿದ ಯಾವ ವಿವೇಕಿಯೂ ಜೈಂಟ್ಸ್ ಗೆದ್ದೀತೆಂದು ಹೇಳುವಂತಿರಲಿಲ್ಲ. ಆದರೆ ಅಭಿಮಾನಿಯು ಮರುದಿನವೂ ಪತ್ರಿಕೆಯನ್ನು ತೆರೆದನು. ವಿವೇಕಿಗೂ ಅಭಿಮಾನಿಗೂ ಇರುವ ಭೇದ ಇಷ್ಟೆ.

ಆಗಸ್ಟ್ 12ರಂದು ಜೈಂಟ್ಸ್ ಗೆದ್ದಿತು. ಮರುದಿನ ಮತ್ತೆ ಗೆಲುವು. ಹೀಗೆ 27ರವರೆಗೆ ಒಂದನ್ನೂ ಸೋಲದೆ 16 ಪಂದ್ಯಗಳನ್ನು ಅದು ಗೆದ್ದಿತು. ಅಂತರವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಹನಿ ಹನಿ ಗೂಡಿದರೆ ಹಳ್ಳವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಈಗ ಅಭಿಮಾನಿಯ ಕೆಲಸ ಇಮ್ಮಡಿಯಾಯಿತು. ತನ್ನ ತಂಡ ಗೆದ್ದರೆ ಸಾಲದು, ಎದುರಾಳಿ ಸೋಲಲೂ ಬೇಕು. ಒಂದು ಕಿವಿ ಜೈಂಟ್ಸ್ ಆಟದ ರೇಡಿಯೊ ವರದಿಯ ಕಡೆಗೆ. ಇನ್ನೊಂದು ಕಿವಿ ಡಾಡ್ಜರ್ಸ್ ಸುದ್ದಿಯ ಕಡೆಗೆ. ಡಾಡ್ಜರ್ಸ್ ತಂಡವೇನೂ ಕುಸಿದು ಬೀಳಲಿಲ್ಲ. ಅದು ತನ್ನ ಕೊನೆಯ 48 ಪಂದ್ಯಗಳಲ್ಲಿ 26ನ್ನು ಗೆದ್ದಿತು. ಆದರೆ ಜೈಂಟ್ಸ್ 44ರಲ್ಲಿ 37ನ್ನು ಗೆದ್ದಿತು! ಮುಂದಿದ್ದವನು ನಡೆಯುತ್ತಿದ್ದನು, ಹಿಂದಿದ್ದವನು ಓಡುತ್ತಿದ್ದನು.

ಸೆಪ್ಟೆಂಬರ್ 30 ಕೊನೆಯ ದಿನ. ಎರಡು ತಂಡಗಳೂ ಸಮನಾಗಿದ್ದವು. ಜೈಂಟ್ಸ್ ಬಾಸ್ಟನ್ ನಗರದಲ್ಲಿ 3–2ರಿಂದ ಗೆದ್ದು ರೈಲನ್ನೇರಿತು. ಅತ್ತ ಫಿಲಡೆಲ್ಫಿಯಾದಲ್ಲಿ ಡಾಡ್ಜರ್ಸ್ ಸೋಲಿನ ಅಂಚಿನಲ್ಲಿದ್ದಿತು. ಅಲ್ಲಿ ರಾಬಿನ್‌ಸನ್ ಹನ್ನೆರಡನೆಯ ಸರದಿಯಲ್ಲಿ ನೆಲಕ್ಕೆ ಧುಮುಕಿ ಚೆಂಡನ್ನು ಹಿಡಿದು ತಂಡವನ್ನು ಉಳಿಸಿದನು. ಹದಿನಾಲ್ಕನೆಯ ಸರದಿಯಲ್ಲಿ ಹೋಂ ರನ್ ಹೊಡೆದು 9–8ರಿಂದ ಗೆಲ್ಲಿಸಿದನು. ಎರಡು ತಂಡಗಳದೂ 96 ಗೆಲುವು, 58 ಸೋಲು. ಆರು ತಿಂಗಳು ಆಡಿಯೂ ಹೆಚ್ಚು ಕಡಿಮೆ ಎನಿಸಿಕೊಳ್ಳದ ಈ ತಂಡಗಳು ಮತ್ತೆ ಮೂರು ಪಂದ್ಯಗಳನ್ನು ಆಡಬೇಕಾಯಿತು.

ಅಕ್ಟೋಬರ್ 1ರಂದು ಬ್ರೂಕ್ಲಿನ್‌ನಲ್ಲಿ ಜೈಂಟ್ಸ್ 3–1ರಿಂದ ಗೆದ್ದಿತು. ಮರುದಿನ ಪೋಲೊ ಗ್ರೌಂಡ್ಸಿನಲ್ಲಿ ಡಾಡ್ಜರ್ಸ್ 10–0ಯಿಂದ ಸೇಡು ತೀರಿಸಿಕೊಂಡಿತು. ಅಕ್ಟೋಬರ್ 3ರಂದು, ಅದೇ ಬಯಲಿನಲ್ಲಿ, ಕೊನೆಯ ಪಂದ್ಯ. ಸುಮಾರು 55,000 ಮಂದಿಗೆ ಸ್ಥಳವಿದ್ದ ಆ ಬಯಲಿಗೆ ಅಂದು ಬಂದವರು 34,320 ಮಂದಿ. ಬಾರದವರು ಮನೆಗಳಲ್ಲಿ, ಅಂಗಡಿಗಳಲ್ಲಿ ರೇಡಿಯೊಗೆ ಕಿವಿಗೊಟ್ಟು ಕುಳಿತಿದ್ದರು. ಎಂಟನೆಯ ಸರದಿಯಲ್ಲಿ ಡಾಡ್ಜರ್ಸ್ 4–1ರಿಂದ ಮುಂದಾಯಿತು. ಒಂಬತ್ತನೆಯ ಸರದಿಯ ಕೊನೆಯ ಭಾಗ ಜೈಂಟ್ಸ್ ತಂಡದ್ದು. ಒಂದು ಓಟ ಬಂದಿತು, ಒಬ್ಬನು ಔಟಾದನು, ಇಬ್ಬರು ನೆಲೆಗಳ ಮೇಲೆ ನಿಂತಿದ್ದರು. ಆಗ ಡಾಡ್ಜರ್ಸ್ ರಾಲ್ಫ್ ಬ್ರಾಂಕಾ ಎಂಬ ಹೊಸ ಎಸೆಗಾರನನ್ನು ಕರೆಯಿಸಿತು. ಎದುರಿಗೆ ನಿಂತವನು, ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಬಾಬಿ ಥಾಮ್ಸನ್. ಅವನ ನಂತರದ ದಾಂಡಿಗನಾಗಿ ತನ್ನ ಪಾಳಿಗೆ ಕಾದು ನಿಂತವನು ತರುಣ ವಿಲ್ಲಿ ಮೇಸ್. ಬ್ರಾಂಕಾನ ಮೊದಲ ಎಸೆತವನ್ನು ಥಾಮ್ಸನ್ ಬಿಟ್ಟನು. ಎರಡನೆಯ ಎಸೆತವನ್ನು ಹೊಡೆದನು. ಚೆಂಡು ಎಡಗಡೆಯ ಗೋಡೆಯನ್ನು ದಾಟಿ ಪ್ರೇಕ್ಷಕರ ನಡುವೆ ಬಿದ್ದಿತು. ಮೂರು ಓಟ, 5–4. ಡಾಡ್ಜರ್ಸ್ ಪಾಲಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ರೇಡಿಯೊ ವರದಿಗಾರ ರಸ್ ಹಾಡ್ಜಸ್, ಜೈಂಟ್ಸ್ ಪತಾಕೆಯನ್ನು ಗೆದ್ದಿತೆಂಬ ಒಂದೇ ಮಾತನ್ನು ಮತ್ತೆ ಮತ್ತೆ ಕೂಗಿದನು. ಆ ಕೂಗು ಇಂದಿಗೂ ನಮಗೆ ಕೇಳಲು ದೊರೆಯುವುದು ಒಬ್ಬ ಅಭಿಮಾನಿಯಿಂದ. ಬ್ರೂಕ್ಲಿನ್‌ನಲ್ಲಿದ್ದ ಆ ಜೈಂಟ್ಸ್ ಅಭಿಮಾನಿಯು ಅಂದು ಕೆಲಸಕ್ಕೆ ಹೋಗಲೇಬೇಕಾಗಿದ್ದಿತು. ಆಟದ ಕೊನೆಯ ಭಾಗವನ್ನು ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದಿಡುವಂತೆ ಅವನು ತನ್ನ ತಾಯಿಗೆ ಹೇಳಿ ಹೋಗಿದ್ದನು. ತಾಯಿ ಗುಂಡಿಯನ್ನೊತ್ತಿದಳು. ಹೀಗೆ, ಆಟವನ್ನು ನೋಡಲಾಗದವನೊಬ್ಬನು ಅದನ್ನು ಮುಂದಿನ ತಲೆಮಾರುಗಳಿಗಾಗಿ ಉಳಿಸಿದನು.

ಆ ಕ್ಷಣದ ಎರಡು ಚಿತ್ರಗಳು ಸ್ಮರಣೀಯವಾದವು. ಎದುರಾಳಿಗಳು ಕುಣಿಯುತ್ತಿದ್ದಾಗ ರಾಬಿನ್‌ಸನ್ ಬಯಲಿನಲ್ಲಿಯೇ ನಿಂತು, ಥಾಮ್ಸನ್ ಪ್ರತಿಯೊಂದು ನೆಲೆಯನ್ನೂ ಮುಟ್ಟಿದನೆ ಎಂದು ಕೊನೆಯವರೆಗೂ ಗಮನಿಸಿದನು. ಸೋತಾಗಲೂ ಕರ್ತವ್ಯವನ್ನು ಮರೆಯದ ನಿಲುವು ಅದು. ಬ್ರಾಂಕಾ ತನ್ನ ತಂಡದ ಕೊಠಡಿಯ ಮೆಟ್ಟಿಲುಗಳ ಮೇಲೆ ಮುಖ ಮರೆಮಾಡಿಕೊಂಡು ಕುಸಿದಿದ್ದನು. ಒಂದು ಎಸೆತವು ಅವನ ಹೆಸರಿಗೆ ಬಾಳಿನುದ್ದಕ್ಕೂ ಅಂಟಿಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಪವಾಡದ ಕಥೆಯಾಗಿ ಉಳಿಯುತ್ತಿದ್ದಿತು. ಆದರೆ ಅರ್ಧ ಶತಮಾನದ ಅನಂತರ, 2001ರ ಜನವರಿಯಲ್ಲಿ, ಜೋಶುವಾ ಪ್ರೇಗರ್ ಎಂಬ ಪತ್ರಕರ್ತನು ಅಂದಿನ ಆಟಗಾರರನ್ನೇ ವಿಚಾರಿಸಿ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಒಂದು ಗುಟ್ಟನ್ನು ಬಯಲು ಮಾಡಿದನು. 1951ರ ಜುಲೈ ತಿಂಗಳಿನಿಂದ ಜೈಂಟ್ಸ್ ತಂಡದವರು ಪೋಲೊ ಗ್ರೌಂಡ್ಸಿನ ದೂರದ ಕೊಠಡಿಯೊಂದರಲ್ಲಿ ದೂರದರ್ಶಕವನ್ನಿಟ್ಟು, ಎದುರಾಳಿ ಕ್ಯಾಚರನ ಬೆರಳಿನ ಸಂಕೇತಗಳನ್ನು ಕದ್ದು ನೋಡುತ್ತಿದ್ದರು. ಅಲ್ಲಿಂದ ವಿದ್ಯುತ್ ತಂತಿಯ ಮೂಲಕ ಗಂಟೆಯ ಸದ್ದಿನಿಂದ ಸುದ್ದಿಯನ್ನು ಕಳುಹಿಸಿ ದಾಂಡಿಗನಿಗೆ ಮುಟ್ಟಿಸುತ್ತಿದ್ದರು. ಆ ಕೊನೆಯ ಎಸೆತದ ಸಂಕೇತವನ್ನು ತಾನು ಪಡೆದಿರಲಿಲ್ಲವೆಂದು ಥಾಮ್ಸನ್ ಹೇಳಿದನು. ಬ್ರಾಂಕಾನಿಗೆ ಈ ಗುಟ್ಟು 1950ರ ದಶಕದಲ್ಲಿಯೇ ಕಿವಿಗೆ ಬಿದ್ದಿದ್ದರೂ ಅವನು ಸಾರ್ವಜನಿಕವಾಗಿ ತುಟಿ ಬಿಚ್ಚಿರಲಿಲ್ಲ. ಅಷ್ಟೇ ಅಲ್ಲ, ಅನೇಕ ವರ್ಷಗಳ ಕಾಲ ಥಾಮ್ಸನ್‌ನೊಡನೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡು ಸ್ನೇಹದಿಂದಿದ್ದನು.

ಈಗ ಜೈಂಟ್ಸ್ ಅಭಿಮಾನಿಯು ಏನು ಮಾಡಬೇಕು? ಬಾಲ್ಯದ ಆ ಸಂತೋಷವನ್ನು ಸುಳ್ಳೆಂದು ಎಸೆಯಬೇಕೆ? ಅಥವಾ ಸತ್ಯಕ್ಕೆ ಕಿವುಡಾಗಬೇಕೆ? ನ್ಯಾಯವಾಗಿ ತೂಗಿ ನೋಡೋಣ. ಬಾಸ್ಟನ್ನಿನ ಗೆಲುವೂ ಬ್ರೂಕ್ಲಿನ್ನಿನ ಗೆಲುವೂ ಪರರ ಬಯಲಿನಲ್ಲಿ ಬಂದವು. ಪೋಲೊ ಗ್ರೌಂಡ್ಸಿನ ಆ ಕೊಠಡಿ ಅಲ್ಲಿರಲಿಲ್ಲ. ಕೊಠಡಿಯಿದ್ದ ಸ್ವಂತ ಬಯಲಿನಲ್ಲಿಯೇ ಜೈಂಟ್ಸ್ 10–0ಯ ಸೋಲನ್ನೂ ಉಂಡಿತು. ಸಂಕೇತ ತಿಳಿದ ಮಾತ್ರಕ್ಕೆ ಚೆಂಡು ತಾನಾಗಿ ಗೋಡೆಯನ್ನು ದಾಟದು. ಇದೆಲ್ಲವೂ ನಿಜ. ಆದರೆ ಎರಡು ತಂಡಗಳು ಕೊನೆಯಲ್ಲಿ ಸರಿಸಮನಾದವೆಂಬುದನ್ನು ಮರೆಯಬಾರದು. ಹಾಗಿರುವಾಗ ಕದ್ದ ಸಂಕೇತದಿಂದ ಒಂದೇ ಒಂದು ಗೆಲುವು ಬಂದಿದ್ದರೂ ಅದು ಡಾಡ್ಜರ್ಸ್ ತಂಡದ ಪತಾಕೆಯನ್ನು ಕಸಿದಂತೆಯೇ. ಇದೂ ಅಷ್ಟೇ ನಿಜ. ಪ್ರೀತಿಸಿದವನು ಈ ಎರಡು ಮಾತುಗಳನ್ನೂ ಹೇಳಬಲ್ಲವನಾಗಬೇಕು. ಮೊದಲನೆಯದನ್ನು ಮಾತ್ರ ಹೇಳುವವನ ಅಭಿಮಾನವು ದುರಭಿಮಾನಕ್ಕೆ ತಿರುಗುತ್ತದೆ.

ಬಾಗಿಲ ಬಳಿ ಪತ್ರಿಕೆಗಾಗಿ ಕಾದ ಬೆಳಗು, ರೇಡಿಯೊ ಮುಂದೆ ಉಸಿರು ಬಿಗಿಹಿಡಿದ ಸಂಜೆ, 13ರ ಅಂತರವನ್ನು ಕಂಡೂ ಕೈಬಿಡದ ನಂಬಿಕೆ, ಇವುಗಳಲ್ಲಿ ಮೋಸವಿರಲಿಲ್ಲ. ಅವು ಅಭಿಮಾನಿಯ ಸ್ವಂತ ಗಳಿಕೆ. ಅವನ್ನು ಯಾವ ದೂರದರ್ಶಕವೂ ಕದಿಯಲಾರದು. ಸೋತ ಬ್ರೂಕ್ಲಿನ್ನಿನ ಅಭಿಮಾನಿಗಳು ಎಂದಿನಂತೆ ಮುಂದಿನ ವರ್ಷವನ್ನು ನೆನೆದು ಸಮಾಧಾನ ತಂದುಕೊಂಡರು. 1955ರಲ್ಲಿ ಅವರ ತಂಡವು ವಿಶ್ವ ಸರಣಿಯನ್ನೇ ಗೆದ್ದಿತು. 1957ರ ಆಟದ ಋತು ಮುಗಿದೊಡನೆ ಎರಡು ತಂಡಗಳೂ ನ್ಯೂಯಾರ್ಕನ್ನು ತೊರೆದು ದೂರದ ಕ್ಯಾಲಿಫೋರ್ನಿಯಾಕ್ಕೆ ಹೋದವು. 1960ರಲ್ಲಿ ಎಬೆಟ್ಸ್ ಫೀಲ್ಡನ್ನೂ, 1964ರಲ್ಲಿ ಪೋಲೊ ಗ್ರೌಂಡ್ಸನ್ನೂ ಕೆಡವಲಾಯಿತು. ತಂಡ ಹೋಯಿತು, ಬಯಲು ಹೋಯಿತು, ಪವಾಡದ ಹೊಳಪೂ ಮಾಸಿತು. ತನ್ನದಲ್ಲದ ಗೆಲುವಿಗಾಗಿ ಮಿಡಿಯಲು ಕಲಿತ ಹೃದಯವೊಂದು ಮಾತ್ರ ಅಭಿಮಾನಿಯ ಬಳಿ ಉಳಿಯಿತು. ಅಂತಹ ಹೃದಯವು ಸತ್ಯಕ್ಕೂ ಮಿಡಿಯುವುದಾದರೆ ಆಟದಿಂದ ಅವನು ಪಡೆದ ಲಾಭ ಸಣ್ಣದೇನೂ ಅಲ್ಲ.

ಅಭ್ಯಾಸ

1. ವಿವೇಕಿಗೂ ಅಭಿಮಾನಿಗೂ ಲೇಖಕರು ತೋರಿಸುವ ಭೇದವೇನು?
2. ಒಂದು ತಂಡವು 80 ಪಂದ್ಯಗಳನ್ನು ಗೆದ್ದು 40ನ್ನು ಸೋತಿದೆ. ಇನ್ನೊಂದು 74ನ್ನು ಗೆದ್ದು 46ನ್ನು ಸೋತಿದೆ. ಪಾಠದಲ್ಲಿ ಹೇಳಿರುವ ರೀತಿಯಿಂದ ಅಂತರವನ್ನು ಕಂಡುಹಿಡಿಯಿರಿ.
3. ಸೋಲಿನ ಕ್ಷಣದಲ್ಲಿ ರಾಬಿನ್‌ಸನ್ ನಡೆದುಕೊಂಡ ರೀತಿಯಿಂದ ಅವನ ಯಾವ ಗುಣ ವ್ಯಕ್ತವಾಗುತ್ತದೆ?
4. ‘ಅಭಿಮಾನ’, ‘ದುರಭಿಮಾನ’ – ಈ ಪದಗಳ ಅರ್ಥವ್ಯತ್ಯಾಸವನ್ನು ನಿಮ್ಮ ಅನುಭವದ ಒಂದು ನಿದರ್ಶನದಿಂದ ವಿವರಿಸಿರಿ.
5. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ – ಈ ಗಾದೆಯನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ.